ದೋಣಿಗೆ ಜಾಗವಿರದ ಮನೆಗಳು

ಆಗ ನಮಗೆ ಗೋಡೆ ಎಂದರೆ ತೆಂಗಿನ ಗರಿ ಹೆಣೆದ ಮಡಲು. ಹೊನ್ನಾವರದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಪಕ್ಕ, ಮರಳುದಿಬ್ಬದ ಮೇಲೆ ನಮ್ಮ ಗುಡಿಸಲುಗಳ ಸಾಲಿತ್ತು. ಪ್ರತಿ ಮಳೆಗಾಲದಲ್ಲೂ ಕಡಲು ಒಂದಿಷ್ಟು ದಿಬ್ಬವನ್ನು ಕೊರೆಯುತ್ತಿತ್ತು. ಒಂದು ವರ್ಷ ನಮ್ಮ ಹಿತ್ತಿಲನ್ನೂ, ಅಡುಗೆಯ ಮೂಲೆಯನ್ನೂ ಒಯ್ದುಬಿಟ್ಟಿತು. ಮರುಬೇಸಿಗೆಯಲ್ಲಿ ನಾವೆಲ್ಲ ಹೆದ್ದಾರಿಯಾಚೆಯ ಕೆಂಪುಕಲ್ಲಿನ ಗುಡ್ಡದ ಮೇಲೆ ಸರಕಾರ ಕಟ್ಟಿಸಿದ ಕಾಲನಿಗೆ ಹೋದೆವು.

ಬಾಗಿಲು ತೆರೆದಾಗ ಬಂದ ಹಸಿ ಸಿಮೆಂಟಿನ, ಸುಣ್ಣದ ವಾಸನೆ ಈಗಲೂ ನೆನಪಿದೆ. ನಾನೂ ತಂಗಿಯೂ ಖಾಲಿ ಕೋಣೆಯಲ್ಲಿ ನಿಂತು ಕೂಗಿ, ನಮ್ಮದೇ ದನಿ ತಿರುಗಿ ಬಂದದ್ದಕ್ಕೆ ಬಿದ್ದು ಬಿದ್ದು ನಕ್ಕೆವು. ಮನೆಗಳೆಲ್ಲ ಒಂದೇ ಬಣ್ಣ, ಒಂದೇ ಅಳತೆ. ಕಣ್ಣಾಮುಚ್ಚಾಲೆ ಆಡುವಾಗ ನಮ್ಮದೆಂದುಕೊಂಡು ಯಾರದೋ ಅಡುಗೆಮನೆಗೆ ನುಗ್ಗಿ ಬೈಸಿಕೊಳ್ಳುತ್ತಿದ್ದೆವು. ಅಬ್ಬೆ ನೆಲದ ಮೇಲೆ ಕೂತು ಅಂಗೈಯಿಂದ ಸವರಿ ಸವರಿ ನೋಡುತ್ತಿದ್ದಳು. "ಇನ್ನು ನೀರು ಒಳಗೆ ಬರೂದಿಲ್ಲ ಮಗಾ," ಎಂದಳು. ಅವಳು ಅಷ್ಟು ಸಮಾಧಾನದಲ್ಲಿದ್ದದ್ದನ್ನು ನಾನು ಆಮೇಲೆ ಕಂಡಿಲ್ಲ.

ಅಜ್ಜಿ ಮಾತ್ರ ಮನೆಗೆ ಒಂದು ಸುತ್ತು ಬಂದು ಅಪ್ಪನನ್ನು ಕೇಳಿದಳು: "ಮೀನು ಎಲ್ಲಿ ಒಣಗ್ಸೂದೋ?"

"ತಾರಸಿ ಮೇಲೆ."

"ಮೆಟ್ಟಿಲೇ ಇಲ್ಲ. ನಾ ಹಾರೂದಾ?"

ಅವಳು ರಸ್ತೆಯಂಚಿನಲ್ಲಿ ಬಂಗಡೆ ಹರಡಿದಳು. ಲಾರಿಗಳು ಎಬ್ಬಿಸಿದ ಕೆಂಪು ಧೂಳು ಅದಕ್ಕೆಲ್ಲ ಮೆತ್ತಿತು. ಸುಟ್ಟು ಗಂಜಿಗೆ ನೆಂಚಿಕೊಂಡರೆ ಹಲ್ಲಿನಡಿ ಕರಕರ ಎನ್ನುತ್ತಿತ್ತು. ಗುಡ್ಡದ ಕೆಳಗಿನ ಮನೆಯವರು ವಾಸನೆಯೆಂದು ಜಗಳಕ್ಕೆ ಬಂದ ಮೇಲೆ ಅಜ್ಜಿ ಅದನ್ನೂ ನಿಲ್ಲಿಸಿ ಸುಮ್ಮನೆ ಕೂತಳು.

ದೋಣಿ ದಡದಲ್ಲೇ ಉಳಿದಿತ್ತು. ಮೊದಲಾದರೆ ನೀರಿನ ಸದ್ದು ಬದಲಾದದ್ದು ಮಲಗಿದಲ್ಲಿಂದಲೇ ತಿಳಿಯುತ್ತಿತ್ತು. ಒಬ್ಬರು ಕೂಗಿದರೆ ಸಾಲಿಗೆ ಸಾಲೇ ಎದ್ದು ಓಡಿ ದೋಣಿಗಳನ್ನು ಮೇಲಕ್ಕೆಳೆಯುತ್ತಿತ್ತು. ಗುಡ್ಡದ ಮೇಲೆ ಲಾರಿಯ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಮಳೆಗಾಲ ಹಿಡಿದ ಹೊಸತು. ಬೆಳಿಗ್ಗೆ ಅಪ್ಪ ಚಾ ಕುಡಿಯುತ್ತಿದ್ದಾಗ ದಡದ ಕಡೆಯವನೊಬ್ಬ ಸೈಕಲ್ ತುಳಿದುಕೊಂಡು ಬಂದ. "ನೀರು ದಿಬ್ಬ ಹತ್ತಿ ಬಂತು, ಬೇಗ ಬರ್ರೋ!"

ಅಪ್ಪ ಲೋಟ ಅಲ್ಲೇ ಬಿಟ್ಟು ಓಡಿದ. ಅಬ್ಬೆಯ ಸೆರಗು ಹಿಡಿದು ನಾನೂ ಓಡಿದೆ. ನಾವು ಮುಟ್ಟುವ ಹೊತ್ತಿಗೆ ಅಲೆಗಳು ನಮ್ಮ ದೋಣಿಯನ್ನು ಕೊರೆತ ತಡೆಯಲೆಂದು ಆಮೇಲೆ ಹಾಕಿದ್ದ ಬಂಡೆಗಳಿಗೆ ಬಡಿದು ಸೀಳಿಹಾಕಿದ್ದವು. ಸೊಂಟದವರೆಗಿನ ನೀರಲ್ಲಿ ನಿಂತ ಅಪ್ಪ ತುಂಡಾದ ಹಗ್ಗವನ್ನು ಇನ್ನೂ ಎಳೆಯುತ್ತಲೇ ಇದ್ದ.

"ಬಿಡಿ, ಆತು. ಮೇಲೆ ಬನ್ನಿ," ಎಂದು ಅಬ್ಬೆ ಅತ್ತಳು.

"ಇಲ್ಲೇ ಇದ್ದಿದ್ರೆ ಎಳೀತಿದ್ನಲ್ಲೇ," ಎಂದ ಅಪ್ಪ. ಮತ್ತೆ ಮತ್ತೆ ಅದನ್ನೇ ಹೇಳಿದ.

ಅನಂತರ ಅವನು ಕೂಲಿಗೆ ಪರರ ಮೀನಿನ ಟ್ರಾಲರ್ ಹತ್ತಿದ. ಅದೂ ಆಗದಾದಾಗ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಒಡೆದ. ಅಜ್ಜಿ ಆ ಮಳೆಗಾಲವನ್ನು ದಾಟಲಿಲ್ಲ. ಕೂಗಿದರೆ ಓಡಿಬರುತ್ತಿದ್ದ ಜನ ಮಲ್ಪೆಗೆ, ಗೋವಾಕ್ಕೆ ಚದುರಿಹೋದರು. ಕಾಲನಿಯೂ ನಿಲ್ಲಲಿಲ್ಲ. ಕಂಬಿ ತುಕ್ಕು ಹಿಡಿದು ತಾರಸಿ ಚಕ್ಕೆ ಚಕ್ಕೆಯಾಗಿ ಉದುರಿತು. ಈಚೆಗೆ, ಇದು ವಾಸಕ್ಕೆ ಯೋಗ್ಯವಲ್ಲ, ಇಲ್ಲೇ ಹೊಸ ಕಟ್ಟಡ ಬರುತ್ತದೆ ಎಂದು ಹೇಳಿ ಸರಕಾರದವರು ಎಲ್ಲವನ್ನೂ ಯಂತ್ರದಿಂದ ಕೆಡವಿದರು. ಈಗ ಅಲ್ಲಿ ಮುಳ್ಳುಕಂಟಿ ಬೆಳೆದಿದೆ. ಹೊಸ ಕಟ್ಟಡದ ಮಾತನ್ನು ಯಾರೂ ಎತ್ತುವುದಿಲ್ಲ. ನಾವೂ ಕೇಳುವುದನ್ನು ಬಿಟ್ಟಿದ್ದೇವೆ.

ಅಪ್ಪ, ಅಬ್ಬೆ ಈಗ ಕುಮಟೆಯಲ್ಲಿ ನನ್ನ ಬಾಡಿಗೆ ಮನೆಯಲ್ಲಿದ್ದಾರೆ. ಮೊನ್ನೆ ರಜೆಯಿತ್ತು. ಅಪ್ಪನಿಗೆ ಖುಷಿಯಾದೀತೆಂದು, "ಅಳಿವೆ ಬದಿಗೆ ಹೋಗಿ ಬರ್ವಾ?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಿ ಕೇಳಿದ:

"ಹೋಗಿ, ಯಾರ ಮನೇಲಿ ಕೂತ್ಕಳ್ಳೂದು?"