ಮಧ್ಯಾಹ್ನದ ನಗಾರಿ

ಕರಾಜಾ ತಾಮ್ರದ ನಗಾರಿಯನ್ನು ಕೆಂಡದ ಹತ್ತಿರ ವಾಲಿಸಿ, ಚರ್ಮವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಟೈಗ್ರಿಸ್ ದಡದ ಆ ಕೋಟೆಯ ಹೆಬ್ಬಾಗಿಲ ಅಟ್ಟದಲ್ಲಿ ಅವನು ನಗಾರಿ ಬಾರಿಸಲು ಕೂತು ಹತ್ತೊಂಬತ್ತು ವರ್ಷವಾಗಿತ್ತು. ದಿನಕ್ಕೆ ಮೂರು ಸಲ: ನಸುಕಿಗೆ, ಮುಸ್ಸಂಜೆಗೆ, ಮಲಗುವ ಹೊತ್ತಿಗೆ. ಸುಲ್ತಾನನ ಕೈಕೆಳಗಿನ ಅಮೀರನಿಗೆ ಸಲ್ಲುತ್ತಿದ್ದುದು ಅಷ್ಟೇ. ಮಧ್ಯಾಹ್ನದ್ದು, ಇಳಿಹೊತ್ತಿನದು ಸುಲ್ತಾನನಿಗೆ ಮಾತ್ರ. ಬೇರೆಯವರಿಗೆ ಬಾರಿಸಿದವನ ಕೈ ಕತ್ತರಿಸುತ್ತಿದ್ದರು.

ಹೆಂಡತಿ ಐಬಿಕೆ ಮೊಸರು ಗಂಜಿ ತಂದಿಟ್ಟಳು. ‘ಈ ಮಧ್ಯಾಹ್ನದ ಹೊತ್ತಲ್ಲಿ ಯಾಕೆ ಕಾಯಿಸ್ತಿದೀಯ?’

‘ಚರ್ಮ ಬಿಗಿಯಾಗಿದೆಯಾ ಅಂತ ಅಮೀರ ಬೆಳಗ್ಗೆ ಕೇಳ್ದ.’

‘ಬಾರಿಸು ಅಂದ್ನಾ?’

‘ಅನ್ಲಿಲ್ಲ.’

‘ಹಂಗಾದ್ರೆ ನಾಳೆ ನಿನ್ನ ತಲೆಗೇ ಕಟ್ತಾನೆ. ಕೈ ಹೋದ್ಮೇಲೆ ಗಂಜಿ ನಾನೇ ಉಣ್ಣಿಸ್ಬೇಕು.’

‘ಉಪ್ಪಾದ್ರೂ ಸರಿಯಾಗಿ ಹಾಕು.’

ಅಮೀರ ಸುಂಗುರ್ಜನೂ ಕರಾಜಾನೂ ಒಂದೇ ದಿನ, ಒಂದೇ ಸಂತೆಯಲ್ಲಿ ಮಾರಾಟವಾಗಿ ಬಂದ ತುರ್ಕರು. ಸುಂಗುರ್ಜ ಲಾಯದಲ್ಲಿ ಲದ್ದಿ ಬಾಚಿದ, ಬಿಲ್ಲು ಹಿಡಿದ, ನೂರು ಸವಾರರ ನಾಯಕನಾದ, ಕೊನೆಗೆ ಕೋಟೆಯ ಅಮೀರನಾದ. ಹಳೆಯ ಸುಲ್ತಾನ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಮಗ, ಕೋಟೆ ಬಿಡು ಎಂದು ಸೈನ್ಯ ಕಳಿಸಿದ. ಅದು ನಲವತ್ತು ದಿನ ಮುತ್ತಿಗೆ ಹಾಕಿ ಬರಿಗೈಯಲ್ಲಿ ಹಿಂದಿರುಗಿತು. ಈಗ ರಾಯಭಾರಿ ಬಂದಿದ್ದ. ಕೋಟೆ ನೀನೇ ಇಟ್ಟುಕೋ, ಆದರೆ ಸುಲ್ತಾನನ ಆಳಾಗಿಯೇ ಇರು ಎಂಬುದು ಅವನು ತಂದ ಮಾತು. ಊಟವಾದ ಮೇಲೆ ಅಮೀರ ಉತ್ತರ ಕೊಡಬೇಕಿತ್ತು.

ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ರಾಯಭಾರಿ ಕುರಿಯ ತೊಡೆ ಕೈಗೆತ್ತಿಕೊಂಡಿದ್ದ. ಎದುರಿಗೆ ಕೂತ ಅಮೀರ ತಲೆಯೆತ್ತಿ ಅಟ್ಟದ ಕಡೆ ನೋಡಿದ, ಅಷ್ಟೇ.

ಕರಾಜಾ ಬಾರಿಸಿದ.

ಹೊರಗೆ ಪೇಟೆಯ ಗದ್ದಲ ನಿಂತುಹೋಯಿತು. ಸುಲ್ತಾನನ ನಗಾರಿ ಕೇಳಿದರೆ ಕೂತವರು ಏಳಬೇಕು, ಅದು ಆಸ್ಥಾನದ ಪದ್ಧತಿ. ಮೂವತ್ತು ವರ್ಷ ದಿನವೂ ಮಧ್ಯಾಹ್ನ ಎದ್ದು ಅಭ್ಯಾಸವಾಗಿದ್ದ ರಾಯಭಾರಿ ಮಾಂಸ ಹಿಡಿದುಕೊಂಡೇ ಎದ್ದು ನಿಂತ. ಇನ್ನೊಂದು ಕೈಯನ್ನು ಎದೆಗಿಟ್ಟ. ಅಂಗಳದಲ್ಲಿದ್ದ ಸವಾರರೆಲ್ಲ ಅದನ್ನು ನೋಡಿದರು. ತಾನು ಎಲ್ಲಿದ್ದೇನೆಂದು ಹೊಳೆದಾಗ ಅವನ ಮುಖ ಕೆಂಪೇರಿತು.

‘ಆ ನಗಾರಿಯವನ ಕೈ...’ ಎಂದು ಶುರುಮಾಡಿದ.

‘ಯಾವ ತಪ್ಪಿಗೆ ಯಜಮಾನ್ರೇ? ನೀವೇ ಎದ್ದು ನಿಂತ್ರಲ್ಲ,’ ಎಂದ ಅಮೀರ. ‘ಕೂತ್ಕೊಳ್ಳಿ, ಊಟ ಆರೋಗುತ್ತೆ. ಉತ್ತರ ನಿಮ್ಮಿಂದಲೇ ಬಂತು.’

ಸವಾರರ ನಗು ಅಟ್ಟಕ್ಕೂ ಕೇಳಿಸಿತು. ಆಮೇಲೆ ಅವರು ಗುರಾಣಿ ಬಡಿಯತೊಡಗಿದರು. ಕರಾಜಾ ಅದಕ್ಕೆ ತಾಳ ಕೂಡಿಸಿ ಇನ್ನೊಂದು ಸುತ್ತು ಬಾರಿಸಿದ.

ಇಳಿಹೊತ್ತಿನ ನಗಾರಿಯೂ ಅಂದೇ ಮೊಳಗಿತು. ಶುಕ್ರವಾರದ ಪ್ರವಚನದಲ್ಲಿ ಖಲೀಫನ ಹೆಸರಾದ ಮೇಲೆ, ಸುಲ್ತಾನನ ಹೆಸರು ಬರುತ್ತಿದ್ದ ಜಾಗದಲ್ಲಿ, ಸುಂಗುರ್ಜನ ಹೆಸರು ಓದಿದರು.