ಗೇಟಿಗೆ ಕಟ್ಟಿದ ಶಿವ

ಕಳೆದ ತಿಂಗಳು ನಾನು ಶಿವನನ್ನು ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ ಇಟ್ಟುಕೊಂಡಿದ್ದೆ. ಸಂಬಳ ಇಲ್ಲ, ರಜೆ ಇಲ್ಲ. ಡ್ಯೂಟಿ ನಮ್ಮ ಮನೆಯ ಗೇಟಿನ ಮೇಲೆ.

ನಗಬೇಡಿ. ಕಾರಣ ಇತ್ತು.

ನ್ಯಾಮತಿಯ ನಮ್ಮ ಮನೆ ಮುಂದೆ ಒಂದು ನಂದಿಬಟ್ಟಲು ಗಿಡ ಇದೆ. ನಾನು ಜಗಳೂರು ಕಡೆಯಿಂದ ಬಂದವಳು. ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಒಂದೇ ಒಂದು ತುಳಸಿಯನ್ನು ಉಳಿಸಿಕೊಂಡ ಮನೆಯವಳು. ಅಂಥವಳ ಅಂಗಳದಲ್ಲಿ ಒಂದು ಗಿಡ ಮೈತುಂಬ ಬೆಳ್ಳಗೆ ಹೂಬಿಟ್ಟು ನಿಂತರೆ ಹೇಗಾಗಬೇಡ? ಬೆಳಗಿನ ಮಂಜಿನಲ್ಲಿ ನೋಡಿದರೆ ಹೂಗಳು ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತವೆ, ಗಿಡ ಕಾಣುವುದೇ ಇಲ್ಲ. (ನೋಡಿದರೆ, ಎಂದೆ. ನೋಡುತ್ತಿದ್ದೆನೇ ಎಂಬ ಪ್ರಶ್ನೆ ಬೇರೆ.)

ಆದರೆ ನಾನು ಏಳುವ ಹೊತ್ತಿಗೆ ಗಿಡ ಅರ್ಧ ಖಾಲಿ. ನಮ್ಮ ಕಡೆ ಒಂದು ಅಲಿಖಿತ ಕಾನೂನಿದೆಯಲ್ಲ, ಪೂಜೆಗೆ ಕಿತ್ತ ಹೂವು ಕಳವಲ್ಲ ಅಂತ! ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆ ಇಡೀ ಓಣಿಯ ಆಸ್ತಿ. ದಿನಾ ಬರುತ್ತಿದ್ದವರಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದವರು ಹಿಂದಿನ ಬೀದಿಯ ಗಿರಿಜಕ್ಕ. ಎಪ್ಪತ್ತರ ಹತ್ತಿರದ ಹೆಂಗಸು. ಕೈಯಲ್ಲಿ ಬಿದಿರಿನ ಪುಟ್ಟ ಬುಟ್ಟಿ. ಕೊಂಬೆಯನ್ನು ಎಳೆದು, ಎಲೆಗಳ ನಡುವೆ ಕೈಯಾಡಿಸಿ, ತಡಕಿ ತಡಕಿ ಕೀಳುವರು. ಗಿಡದ ಮೇಲೆ ಚೂರೂ ಕರುಣೆ ಇಲ್ಲವಲ್ಲ ಎಂದು ಕಿಟಕಿಯ ಹಿಂದೆ ನಿಂತು ಉರಿದುಕೊಳ್ಳುತ್ತಿದ್ದೆ.

ಬಾಯಿಬಿಟ್ಟು ಹೇಳಲು ಸಂಕೋಚ. ಹಬ್ಬಕ್ಕೆ ಗುರೆಳ್ಳು ಚಟ್ನಿಪುಡಿ ಮಾಡಿ ಕಳಿಸಿದವರು. ಹಾಗಾದರೆ ಏನು ಮಾಡುವುದು?

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಪ್ರತಿ ವರ್ಷ ವಚನಗಳ ಪಾಠ ಬಂದಾಗ ನನಗೆ ಎಲ್ಲಿಲ್ಲದ ಹುರುಪು. ಗುಡಿಯ ಬಾಗಿಲು ಕಾಯದೆ ಮರದಲ್ಲಿ, ಹಕ್ಕಿಯಲ್ಲಿ, ಹೊಳೆಯಲ್ಲಿ ಶಿವನನ್ನು ಕಂಡವರು, ಕಂಡು ಸುಮ್ಮನಿರದೆ ಮಾತಾಡಿಸಿದವರು ಎಂದೆಲ್ಲ ಹೇಳುತ್ತಾ ನಾನೇ ತೇಲಿಹೋಗುತ್ತೇನೆ. ಬೆಲ್ಲು ಹೊಡೆದದ್ದೂ ಕೇಳುವುದಿಲ್ಲ. ಆ ಪಾಠದ ಸಾರವನ್ನೇ ಎರಡು ಸಾಲಿಗೆ ಇಳಿಸಿ ಬೋರ್ಡ್ ಬರೆಸಿ ಗೇಟಿಗೆ ಕಟ್ಟಿದೆ. ‘ಹೂವಿನಲ್ಲೇ ಶಿವನಿದ್ದಾನೆ. ಗಿಡದಲ್ಲೇ ಇರಲಿ ಬಿಡಿ.’

ಹೇಗಿದೆ? ಬೈದಂತೆಯೂ ಇಲ್ಲ, ಬಿಟ್ಟಂತೆಯೂ ಇಲ್ಲ. ಯಜಮಾನರು ಓದಿ, ದೇವರನ್ನು ಇಷ್ಟು ಅಗ್ಗದಲ್ಲಿ ಕೆಲಸಕ್ಕಿಟ್ಟುಕೊಂಡವಳು ನೀನೊಬ್ಬಳೇ ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಗಿರಿಜಕ್ಕ ಬಂದರು. ಬೋರ್ಡಿನ ಮುಂದೆ ನಿಂತರು. ಮೂಗು ತಾಗುವಷ್ಟು ಹತ್ತಿರ ಮುಖ ಒಯ್ದು, ಒಂದೊಂದೇ ಅಕ್ಷರ ಓದಿದರು. ಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಖಾಲಿ ಬುಟ್ಟಿ ಹಿಡಿದು ಬಂದ ದಾರಿಯಲ್ಲೇ ಹೊರಟುಹೋದರು.

ಕಿಟಕಿಯ ಹಿಂದೆ ನನಗೆ ಗೆದ್ದ ಖುಷಿ. ಅಣಕಿಸಿದರೇನೋ ಎಂಬ ಸಣ್ಣ ಅನುಮಾನವೂ ಇತ್ತು ಅನ್ನಿ.

ಎರಡು ವಾರ ಅವರ ಸುಳಿವಿಲ್ಲ. ಗಿಡ ತುಂಬಿ ತುಳುಕುತ್ತಿದೆ ಎಂದುಕೊಂಡಿದ್ದೆ. ನಾನು? ಬೆಳಗ್ಗೆ ಎದ್ದರೆ ಡಬ್ಬಿ, ತಿಂಡಿ, ಬಸ್ಸು, ನಡುವೆ ವಾಟ್ಸಾಪಿನ ಶುಭೋದಯಗಳು. (ಅವುಗಳಲ್ಲೂ ಹೂವೇ!) ಒಂದು ಭಾನುವಾರ ಅಂಗಳ ಗುಡಿಸುವಾಗ ಕಂಡಿದ್ದು, ಬುಡದ ಸುತ್ತ, ಮೇಲಿನ ಕೊಂಬೆಗಳಿಂದ ಕಂದಿ ಬಿದ್ದ ಹೂವಿನ ರಾಶಿ. ಯಾವತ್ತು ಅರಳಿದವೋ, ಯಾವತ್ತು ಉದುರಿದವೋ. ಒಂದನ್ನೂ ನಾನು ನೋಡಿರಲಿಲ್ಲ. ಪೊರಕೆ ಕೈಯಲ್ಲೇ ಉಳಿಯಿತು.

ಚಟ್ನಿಪುಡಿಯ ಡಬ್ಬಿ ವಾಪಸ್ ಕೊಡುವ ನೆಪದಲ್ಲಿ ಗಿರಿಜಕ್ಕನ ಮನೆಗೆ ಹೋದೆ.

ಅವರು ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಲಿಂಗ. ವಿಭೂತಿ ಇತ್ತು, ನಾಲ್ಕು ಪತ್ರೆ ಎಲೆ ಇತ್ತು. ಹೂವಿಲ್ಲ. ಕೈಯನ್ನು ಮುಖದ ತೀರಾ ಹತ್ತಿರಕ್ಕೆ ಒಯ್ದು, ಹಾಗೇ ನೋಡುತ್ತಾ ಕೂತಿದ್ದರು. ನನ್ನತ್ತ ತಿರುಗಿದರೂ ಯಾರು ಬಂದವರು ಎಂದು ಕೇಳಿದರು. ನಾನಿದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ.

ಆಗ ತಿಳಿಯಿತು. ಕಣ್ಣಿನ ರೆಟಿನಾ ಸವೆಯುತ್ತಿದೆಯಂತೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ದೂರದ್ದೆಲ್ಲ ಮಂಜು. ಗಿಡದ ಹೂವು ಅವರಿಗೆ ಬರೀ ಬಿಳಿ ಮಸುಕು, ಅದಕ್ಕೇ ಆ ತಡಕಾಟ. ಮೂಗಿನ ಹತ್ತಿರ ಹಿಡಿದದ್ದು ಮಾತ್ರ ಇನ್ನೂ ಕಾಣುತ್ತದೆ.

ಅಂಗಡಿಯಲ್ಲಿ ಹೂ ಸಿಗುತ್ತದಲ್ಲ, ಬೇರೆ ಮನೆಗಳಲ್ಲೂ ಗಿಡಗಳಿವೆಯಲ್ಲ ಎಂದು ತೊದಲಿದೆ. ಅಂಗಡಿಯ ಸೇವಂತಿಗೆಯ ಎಸಳು ಎಣಿಸಿ ಮುಗಿಸಲು ಒಂದು ಜನ್ಮ ಸಾಲದು ಎಂದು ನಕ್ಕರು. ಆಮೇಲೆ ನಿಧಾನಕ್ಕೆ ಹೇಳಿದರು.

“ಶಿವ ನಿಮ್ಮ ಗಿಡದಾಗಷ್ಟೇ ಇರ್ತಾನೇನ್ರಿ ಮೇಡಂ? ಎಲ್ಲಾ ಗಿಡದಾಗೂ ಇರ್ತಾನೆ. ಹಂಗಂದ್ಮೇಲೆ ಎಲ್ಲಿಂದ ಕೀಳ್ಲಿ? ನೀವು ಬರೆಸಿದ್ದು ಖರೇನೇ ಐತೆ. ಆದ್ರೆ ಗಿಡದಾಗಿರೋ ಶಿವ ನನ್ನ ಕಣ್ಣಿಗೆ ಕಾಣಲ್ಲ. ಅಂಗೈಗೆ ಬಂದ್ರಷ್ಟೇ ಕಾಣ್ತಾನೆ.”

ತಂದ ಡಬ್ಬಿಯನ್ನು ಅವರ ಪಕ್ಕದಲ್ಲಿಟ್ಟು ಕೂತೆ.

ಅವರಿಗೆ ನೂರಾರು ವಚನ ಬಾಯಿಗೆ ಬರುತ್ತವೆ. ಹೂಗಳನ್ನೂ ಹಾಗೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದರಂತೆ. ದಿನಾ ಪೂಜೆಯಾದ ಮೇಲೆ ಒಂದೊಂದೇ ಹೂವನ್ನು ಕಣ್ಣ ಹತ್ತಿರ ಹಿಡಿದು, ಎಸಳು, ತೊಟ್ಟು, ಅಂಚು ಎಲ್ಲವನ್ನೂ ನೋಡಿ ಒಳಗಿಟ್ಟುಕೊಳ್ಳುವುದು. “ದೀಪ ಆರೋದ್ರೊಳಗೆ ಕಲ್ತು ಮುಗಿಸ್ಬೇಕಲ್ರೀ,” ಎಂದರು, ಪರೀಕ್ಷೆ ಹತ್ತಿರ ಬಂದ ವಿದ್ಯಾರ್ಥಿಯಷ್ಟೇ ಸಹಜವಾಗಿ. ಉಳಿದಿರುವ ಬೆಳಗುಗಳು ಎಷ್ಟೋ ಯಾರಿಗೂ ಗೊತ್ತಿಲ್ಲ. ಅದರಲ್ಲಿ ಹದಿನಾಲ್ಕನ್ನು ನಾನು ಎರಡು ಸಾಲು ಬರೆಸಿ ತೆಗೆದುಕೊಂಡಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಹಳಬರ ಭಕ್ತಿಗೀತೆಗಳಲ್ಲಿ ದೇವರು ಎಲೆಯಲ್ಲಿದ್ದಾನೆ, ನೀರಿನಲ್ಲಿದ್ದಾನೆ ಎಂದು ಓದಿ ನಾವು ತಲೆದೂಗುತ್ತೇವೆ. ಚೆನ್ನಾಗಿದೆ ಎನ್ನುತ್ತೇವೆ, ಸ್ಟೇಟಸ್ ಹಾಕುತ್ತೇವೆ, ಗೇಟಿಗೂ ಕಟ್ಟುತ್ತೇವೆ. ಅದನ್ನು ಹಾಡಿದವರು ಮೊದಲು ಎಲೆಯನ್ನು ನೋಡಿದ್ದರು ಎನ್ನುವುದು ಮಾತ್ರ ನೆನಪಿರುವುದಿಲ್ಲ. ನೋಡುವುದೇ ಅವರ ಪೂಜೆಯಾಗಿತ್ತೋ ಏನೋ. ಹೊಳೆ ದಂಡೆಯಲ್ಲಿ ಗಂಟೆಗಟ್ಟಲೆ ಕೂತಿರಬೇಕು. ಅವರನ್ನು ಯಾರೂ ಬಸ್ಸಿಗೆ ಹೊತ್ತಾಯಿತು ಎಂದು ಎಬ್ಬಿಸಿರಲಿಕ್ಕಿಲ್ಲ.

ಮನೆಗೆ ಬಂದು ಬೋರ್ಡ್ ಬಿಚ್ಚಿದೆ. ಮರುದಿನ ಬೇಗ ಎದ್ದು, ಹಾಲು ಬರುವ ಮೊದಲೇ ಗಿರಿಜಕ್ಕನನ್ನು ಕೈಹಿಡಿದು ಕರೆತಂದೆ. ಓಣಿಯ ತುಂಬ ತೆಳುವಾದ ಮಂಜು. ಸವಳಂಗದ ಕಡೆಯಿಂದ ಬರುವ ಮೊದಲ ಬಸ್ಸಿನ ಹಾರ್ನು ಎಲ್ಲೋ ದೂರದಲ್ಲಿ, ಕನಸಿನಲ್ಲಿ ಕೇಳಿದ ಹಾಗೆ. ನಾನು ತಟ್ಟೆ ತುಂಬ ಕೀಳಹೊರಟರೆ ಅವರೇ ತಡೆದರು. ಐದು ಸಾಕಂತೆ, ಉಳಿದದ್ದು ಗಿಡಕ್ಕೂ ಜೇನಿಗೂ. ಮೊದಲಿಂದಲೂ ಅವರು ಕಿತ್ತದ್ದು ಬರೀ ಐದು! ಮಿಕ್ಕಿದ್ದು ವಾಕಿಂಗ್ ಮಂದಿಯ ಪ್ಲಾಸ್ಟಿಕ್ ಕವರಿಗೆ ಹೋಗುತ್ತಿತ್ತು. ಅವರಲ್ಲಿ ಒಬ್ಬರಾದರೂ ಬೋರ್ಡ್ ಓದಿ ನಿಂತಿದ್ದರೇ? ಗಮನಿಸಿರಲಿಲ್ಲ.

ಗೇಟಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಹೂವು ಅವರ ಕಣ್ಣಿನ ಹತ್ತಿರ ಹೋಯಿತು. ಎಷ್ಟೋ ಹೊತ್ತು ಅಲ್ಲೇ ಇತ್ತು. ಆಮೇಲೆ ನನ್ನ ಕೈಗಿಟ್ಟು ನೋಡಲು ಹೇಳಿದರು. ನೋಡಿದೆ. ವಾಪಸ್ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿದರು.

“ಈಗ ಹೇಳ್ರಿ. ಎಸಳು ಎಷ್ಟು?”

ಐದು ಎಂದೆ. ಬೀಗಿದೆ.

“ಅವು ಯಾವ ಕಡೀಗೆ ತಿರುಗ್ಯಾವೆ, ಎಡಕ್ಕೋ ಬಲಕ್ಕೋ?”

ಗೊತ್ತಾಗಲಿಲ್ಲ. ಓದುತ್ತಿರುವ ನಿಮಗೆ ಗೊತ್ತೇ?