ಬಾಣಂತನಕ್ಕೆ ಬಂದವಳು

ಆಕೆ ಬಂದದ್ದು ತಂಗಿಯ ಬಾಣಂತನಕ್ಕೆ. ಸೂಟ್‌ಕೇಸಿನಲ್ಲಿ ಹುಟ್ಟಲಿರುವ ಮಗುವಿಗೆ ಹೊಲಿದ ಬಟ್ಟೆ, ಪರ್ಸಿನಲ್ಲಿ ವಾಪಸ್ ಟಿಕೆಟ್. ತಮ್ಮ ದೇಶದಲ್ಲಿ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದವಳಾದ್ದರಿಂದ ಎಲ್ಲರ ಬಾಯಲ್ಲೂ ಆಕೆ ‘ಸಿಸ್ಟರ್’.

“ಊರಿಗೆಲ್ಲ ಸಿಸ್ಟರ್ ಆಗಿದ್ದು ಸಾಕು, ಇನ್ಮೇಲೆ ಇವಳಿಗೂ ಸ್ವಲ್ಪ ಸಿಸ್ಟರ್ ಆಗಿ” ಎಂದು ತಂಗಿಯ ಗಂಡ ಏರ್‌ಪೋರ್ಟಿನಲ್ಲೇ ತಮಾಷೆ ಮಾಡಿದ್ದ.

ಮಗುವಿನ ಕತ್ತು ನಿಲ್ಲುವ ಹೊತ್ತಿಗೆ ಆಕೆಯ ಗಂಡನ ಫೋನ್ ಬಂತು. ಸ್ಕೂಲ್ ವ್ಯಾನ್ ಓಡಿಸುವ ಆತನದು ಮೂರು ಬೀದಿಗೆ ಕೇಳಿಸುವ ಗಂಟಲು. ಅಂದು ಪಿಸುಗುಟ್ಟಿದ.

“ಡಾಕ್ಟರನ್ನ ಹಿಡ್ಕೊಂಡು ಹೋದ್ರು. ನಿನ್ನನ್ನ ಕೇಳ್ಕೊಂಡು ಮನೆಗೂ ಬಂದಿದ್ರು. ಮಗಳನ್ನ ನಮ್ಮಕ್ಕನ ಮನೇಲಿ ಬಿಟ್ಟಿದೀನಿ. ನೀನು ಮಾತ್ರ ಬರಬೇಡ.”

ಯಾಕೆಂದು ಆಕೆ ಕೇಳಬೇಕಾಗಿರಲಿಲ್ಲ. ಹೊರಡುವುದಕ್ಕೆ ಸ್ವಲ್ಪ ಮುಂಚೆ ಚೌಕದಲ್ಲಿ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಗಾಯಗೊಂಡವರನ್ನು ಹಿಂಬಾಗಿಲಿನಿಂದ ಕ್ಲಿನಿಕ್ಕಿಗೆ ತಂದಾಗ ಡಾಕ್ಟರು ಗುಂಡು ತೆಗೆದಿದ್ದರು, ಆಕೆ ಪಕ್ಕದಲ್ಲಿ ನಿಂತು ರಕ್ತ ಒರೆಸಿ ಪಟ್ಟಿ ಕಟ್ಟಿದ್ದಳು. ಆಗ ಸರ್ಕಾರವೇ ತನಿಖೆ ಮಾಡಿಸುತ್ತೇವೆ ಅಂದಿತ್ತು. ಈಗ ಸರ್ಕಾರ ಬದಲಾಗಿ, ಅಂದು ಗುಂಡೇ ಹಾರಿಲ್ಲ ಎನ್ನುತ್ತಿತ್ತು. ಗುಂಡು ಕಣ್ಣಾರೆ ಕಂಡವರು ಅದಕ್ಕೆ ಬೇಡವಾಗಿದ್ದರು.

ಸುದ್ದಿ ಕೇಳಿ ತಂಗಿಯ ಗಂಡ ಹೆದರಿದ. ಆತ ಕೂಡ ಈ ದೇಶದಲ್ಲಿ ಇನ್ನೂ ಬೇರು ಬಿಡುತ್ತಿದ್ದವನು.

“ಅಕ್ಕ, ತಪ್ಪು ತಿಳ್ಕೋಬೇಡಿ. ವೀಸಾ ಮುಗಿದ್ರೆ ಮುಗೀಲಿ, ಸುಮ್ನೆ ಮನೇಲಿ ಇದ್ದುಬಿಡಿ. ಯಾರು ಬಂದು ನೋಡ್ತಾರೆ? ನೀವಾಗೇ ವಲಸೆ ಆಫೀಸಿಗೆ ಹೋಗಿ ಹೇಳ್ಕೊಂಡು, ಅವರು ಆಗಲ್ಲ ಅಂದ್ಬಿಟ್ರೆ?”

“ನೋಡಪ್ಪ, ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳೋ ಕೆಲಸ ನಾನೇನೂ ಮಾಡಿಲ್ಲ. ಆಗಲ್ಲ ಅಂತ ಅವರೇ ಅನ್ಲಿ. ಕೇಳೋದನ್ನಂತೂ ನಾನು ಕೇಳೇ ಕೇಳ್ತೀನಿ.”

ವೀಸಾ ಇನ್ನೂ ಇರುವಾಗಲೇ ಆಕೆ ವಲಸೆ ಕಚೇರಿಗೆ ಹೋಗಿ ಆಶ್ರಯ ಕೇಳಿದಳು. ಬೆರಳಚ್ಚು ತೆಗೆದುಕೊಂಡರು, ಪಾಸ್‌ಪೋರ್ಟ್ ಇಟ್ಟುಕೊಂಡರು, ವಿಚಾರಣೆಗೆ ಕರೆಯುತ್ತೇವೆ ಎಂದು ಕಳಿಸಿದರು.

ವಿಚಾರಣೆಯ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಎದುರಿಗೆ ಮಹಿಳಾ ಅಧಿಕಾರಿ, ಪಕ್ಕದಲ್ಲಿ ತನ್ನ ದೇಶದವನೇ ಆದ ದುಭಾಷಿ.

“ವಿಮಾನ ಇಳಿದ ದಿನವೇ ಯಾಕೆ ಆಶ್ರಯ ಕೇಳಲಿಲ್ಲ?” ಅಧಿಕಾರಿಯ ಮೊದಲ ಪ್ರಶ್ನೆಯೇ ಅದು.

“ಇಳಿದ ದಿನ ನಾನು ಬಾಣಂತನಕ್ಕೆ ಬಂದವಳು. ನನಗೆ ವಾಪಸ್ ಹೋಗೋಕೆ ಮನೆ ಇತ್ತು. ಹೆದರಿಕೆ ಆಮೇಲೆ ಬಂತು, ಬಂದ ತಕ್ಷಣ ನಿಮ್ಮ ಹತ್ರ ಬಂದೆ.”

ಮಾತು ಕ್ಲಿನಿಕ್ಕಿನ ಕಡೆ ಹೊರಳಿತು. ಆಕೆ ಹೇಳುತ್ತ ಹೋದಳು, ದುಭಾಷಿ ಅಧಿಕಾರಿಯ ಭಾಷೆಯಲ್ಲಿ ಒಪ್ಪಿಸುತ್ತ ಹೋದ. ತಂಗಿಯ ಮನೆಯ ಟಿವಿ ನೋಡಿ ನೋಡಿ ಆ ಭಾಷೆ ಅಲ್ಪಸ್ವಲ್ಪ ಆಕೆಯ ಕಿವಿಗೆ ಬಿದ್ದಿತ್ತು. ಗುಂಡು ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ.

ಆಕೆ ಕೈ ಎತ್ತಿ ತಡೆದಳು. ತನಗೆ ಬರುವ ಹರುಕು ಮುರುಕು ಭಾಷೆಯಲ್ಲೇ ಅಧಿಕಾರಿಗೆ ಹೇಳಿದಳು: “ನಾನು ಗುಂಡು ಅಂದೆ. ಇವರು ಬರೀ ಗಾಯ ಅಂದ್ರು. ಜಾರಿ ಬಿದ್ರೂ ಗಾಯಾನೇ ಆಗುತ್ತೆ.”

ದುಭಾಷಿಯ ಮುಖ ಬಿಳಿಚಿಕೊಂಡಿತು. ಅಧಿಕಾರಿ ಪೆನ್ನು ಕೆಳಗಿಟ್ಟಳು. ಬೇರೆ ದುಭಾಷಿ ಬೇಕಾದರೆ ಹೊಸದಾಗಿ ದಿನ ಕೊಡಬೇಕಾಗುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗಬಹುದು ಎಂದಳು.

ಆಕೆಗೆ ಮಗಳ ನೆನಪಾಯಿತು. ಹೇಗೋ ಮುಗಿದರೆ ಸಾಕೆಂಬ ಆಸೆ ಒಂದು ಗಳಿಗೆ ಎಳೆಯಿತು.

“ಕಾಯ್ತೀನಿ” ಎಂದಳು.

ಹೊರಗೆ ಬಸ್ ನಿಲ್ದಾಣದಲ್ಲಿ ಆ ದುಭಾಷಿ ಹತ್ತಿರ ಬಂದು ನಿಂತ. “ಸಿಸ್ಟರ್, ನನ್ನ ತಾಯಿ ಇನ್ನೂ ಅಲ್ಲೇ ಇದ್ದಾರೆ. ನಾನು ಹೇಳಿದ್ದು ಅಲ್ಲೀವರೆಗೂ ಹೋದ್ರೆ...”

“ನಿಮ್ಮ ಕಷ್ಟ ಅರ್ಥ ಆಗುತ್ತಪ್ಪ. ಆದ್ರೆ ಅದಕ್ಕೋಸ್ಕರ ನನ್ನ ಮಾತು ಸಾಯಬಾರದು” ಎಂದು ಆಕೆ ಬಸ್ ಹತ್ತಿದಳು.

ಮುಂದಿನ ಚಳಿಗಾಲವೆಲ್ಲ ತಂಗಿಯ ನಡುಮನೆಯ ಸೋಫಾವೇ ಆಕೆಯ ಮನೆ. ದುಡಿಯಲು ಅನುಮತಿ ಇರಲಿಲ್ಲ. ಕೈ ಕಟ್ಟಿ ಕೂರುವ ಜೀವವೂ ಅದಲ್ಲ. ಬೆಳಿಗ್ಗೆ ಲೈಬ್ರರಿಯಲ್ಲಿ ಬಿಟ್ಟಿಯಾಗಿ ಕಲಿಸುತ್ತಿದ್ದ ಭಾಷೆಯ ತರಗತಿ, ಮಧ್ಯಾಹ್ನ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಆ ಪಾಠದ ಪಠಣ. ಕೂಸು ಆ ಭಾಷೆಯ ಅರ್ಧ ವ್ಯಾಕರಣ ಕೇಳಿಯೇ ನಿದ್ದೆ ಹೋಗುತ್ತಿತ್ತು. ಗೊಣಗುತ್ತಿದ್ದ ತಂಗಿಯ ಗಂಡ ಒಂದು ದಿನ ತಾನೇ ಎದುರು ಕೂತು, “ಎಲ್ಲಿ, ನಾನು ಅಧಿಕಾರಿ ಅಂದ್ಕೊಳ್ಳಿ, ಹೇಳಿ ನೋಡೋಣ” ಎಂದ.

ಎರಡನೇ ವಿಚಾರಣೆಗೆ ಬಂದ ದುಭಾಷಿ ವಯಸ್ಸಾದ ಹೆಂಗಸು. ಆಕೆ ಗುಂಡು ಅಂದರೆ ಆ ಹೆಂಗಸೂ ಗುಂಡು ಅಂದಳು. ಆಕೆ ಅತ್ತಾಗ ಮಾತ್ರ ಸುಮ್ಮನಿದ್ದಳು.

ಆಶ್ರಯ ಸಿಕ್ಕಿತು. ಸುದ್ದಿ ತಿಳಿದ ದಿನವೇ ಆಕೆ ತನ್ನ ಅರ್ಜಿ ನೋಡಿಕೊಂಡಿದ್ದ ವಕೀಲರ ಮುಂದೆ ಮತ್ತೆ ಕೂತಿದ್ದಳು. “ಸಂತೋಷ ಆಮೇಲೆ ಪಡ್ತೀನಿ ಸರ್. ಗಂಡ, ಮಗಳನ್ನ ಕರೆಸ್ಕೊಳೋಕೆ ಏನು ಮಾಡಬೇಕು ಹೇಳಿ.”

ಅವರು ಬರುವಷ್ಟರಲ್ಲಿ ಆಕೆ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕೆ ಸೇರಿ, ಪೇಟೆಯ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಡಾಕ್ಟರು ಇನ್ನೂ ಜೈಲಿನಲ್ಲಿದ್ದಾರೆ. ಅವರ ಪರ ಎಲ್ಲಿ ಸಾಕ್ಷಿ ಕೇಳಿದರೂ ಆಕೆ ಹೋಗಿ ಹೇಳಿ ಬರುತ್ತಾಳೆ. ಬಂದ ಹೊಸದರಲ್ಲಿ ಬಾಯೇ ಬಿಡದಿದ್ದ ಮಗಳು ಈಗ ಅಂಗಡಿಯಲ್ಲಿ ಎಲ್ಲರೆದುರೇ, “ಅಮ್ಮ, ಹಂಗಲ್ಲ ಅನ್ನೋದು” ಎಂದು ತಾಯಿಯ ಉಚ್ಚಾರ ತಿದ್ದುತ್ತಾಳೆ. ಆಕೆ ಮತ್ತೊಮ್ಮೆ, ಇನ್ನೂ ಜೋರಾಗಿ ಹೇಳುತ್ತಾಳೆ.